ಒಗೆಯೋ ಕಲ್ಲಿನ ಹಸಿರು

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ತೆಗೆದ ಒಂದು ಫೋಟೋವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹಳ್ಳದ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಒಂದು ಡ್ಯಾಮ್ಸೆಲ್‌ಫ್ಲೈ. ಏರೋಪ್ಲೇನ್ ಚಿಟ್ಟೆಯ ತೆಳ್ಳಗಿನ ದಾಯಾದಿ ಅಂದುಕೊಳ್ಳಿ. ಹೆಚ್ಚುಕಮ್ಮಿ ಬೆರಳುದ್ದ, ದಪ್ಪ ಮಾತ್ರ ಬೆಂಕಿಕಡ್ಡಿಯಷ್ಟೂ ಇಲ್ಲ. ಮೈಯೆಲ್ಲ ಪಾಲಿಶ್ ಹೊಡೆದ ಲೋಹದ ಹಾಗೆ ಮಿನುಗುವ ಹಸಿರು. ಅರ್ಧ ಗಂಟೆಯೊಳಗೆ ಹತ್ತೆಂಟು ಹೆಬ್ಬೆರಳು, ನಾಲ್ಕು ಹೂಗುಚ್ಛ ಬಂದವು. ಆಮೇಲೆ ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಬರೆದ: "ಸೂಪರ್ ಕಣೋ. ಎಲ್ಲಿಂದು? ಅಮೆಜಾನಾ?"

ನಮ್ಮ ಮನೆ ಹಿಂದಿನ ಹಳ್ಳದ್ದು ಅಂತ ಬರೆದೆ. ನೀನೂ ನಾನೂ ಈಜು ಕಲಿತ ಗುಂಡಿ ಇದೆಯಲ್ಲ, ಅದರಿಂದ ಇಪ್ಪತ್ತು ಹೆಜ್ಜೆ ಮೇಲೆ. ಅವನು ನಂಬಲಿಲ್ಲ. "ಸುಮ್ನೆ ಹೇಳ್ಬೇಡ. ಹತ್ತು ವರ್ಷ ಅಲ್ಲೇ ಬಿದ್ದುಕೊಂಡಿದ್ವಿ. ಒಂದು ದಿನ ನೋಡಿಲ್ಲ."

ಅವನ ಮಾತು ತಮಾಷೆಯಾಗಿಯೇ ಇತ್ತು. ಆದರೆ ನನಗೆ ಅದು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಸಿಕ್ಕಿಕೊಂಡಿತು. ಯಾಕೆಂದರೆ ನಾನೂ ನೋಡಿರಲಿಲ್ಲ. ಕ್ಯಾಮೆರಾ ಕೊಂಡು, ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿದು, ಮೂವತ್ತೈದು ದಾಟಿದ ಮೇಲೆಯೇ ನಾನು ಇದನ್ನು ಮೊದಲ ಸಲ ನೋಡಿದ್ದು. ಅದೇ ಹಳ್ಳದಲ್ಲಿ, ಅದೇ ಕಲ್ಲುಗಳ ಮೇಲೆ. ಈ ಹುಳ ಆಮೇಲೆ ಬಂದು ಸೇರಿದ್ದೇನೂ ಅಲ್ಲ. ಹಾಗಾದರೆ ಆ ಹತ್ತು ವರ್ಷ ನಾವು ಏನನ್ನು ನೋಡುತ್ತಿದ್ದೆವು?

ಇದರ ಇಂಗ್ಲಿಷ್ ಹೆಸರು ಸ್ಟ್ರೀಮ್ ಗ್ಲೋರಿ. ವೈಜ್ಞಾನಿಕ ಹೆಸರು ನ್ಯೂರೋಬೇಸಿಸ್ ಚೈನೆನ್ಸಿಸ್. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹೆಸರಿಟ್ಟ ಹುಳ. ಚೈನೆನ್ಸಿಸ್ ಅಂದರೆ ಚೀನಾದ್ದು. ನಮ್ಮ ಹಳ್ಳದ್ದನ್ನು ಬೇರೆ ದೇಶದ್ದು ಅಂದುಕೊಂಡವನು ನನ್ನ ತಮ್ಮ ಒಬ್ಬನೇ ಅಲ್ಲ, ಹುಳದ ಹೆಸರಿನಲ್ಲೇ ಹಾಗಿದೆ. (ಇದು ಚೀನಾದಲ್ಲೂ ಇದೆ, ಏಷ್ಯಾದ ಬೇರೆ ಎಷ್ಟೋ ಕಡೆ ಇದೆ. ಲಿನೇಯಸ್ ಸುಳ್ಳೇನೂ ಹೇಳಲಿಲ್ಲ.)

ಎಲ್ಲವೂ ಏರೋಪ್ಲೇನೇ

ತೀರ್ಥಹಳ್ಳಿ ಕಡೆಯ ಎಲ್ಲ ಮನೆಗಳ ಹಾಗೆ ನಮ್ಮ ಮನೆಗೂ ಒಂದು ಹಳ್ಳ ಇದೆ. ಅದಕ್ಕೆ ಹೆಸರಿಲ್ಲ. ಮೇಲಿನ ಮನೆಯವರು ಅದನ್ನು ಕೆಳಗಿನ ಹಳ್ಳ ಅನ್ನುತ್ತಾರೆ, ಕೆಳಗಿನ ಮನೆಯವರು ಮೇಲಿನ ಹಳ್ಳ ಅನ್ನುತ್ತಾರೆ. ಹೋಗಿ ಮಾಲತಿ ಹೊಳೆ ಸೇರುತ್ತದೆ, ಅಲ್ಲಿಂದ ತುಂಗೆ. ಮಳೆಗಾಲದಲ್ಲಿ ಕೆಂಪು ನೀರು ಉಕ್ಕಿ ಸಂಕ ಮುಳುಗಿಸುವ ಈ ಹಳ್ಳ, ಏಪ್ರಿಲ್ ಹೊತ್ತಿಗೆ ನಾಲ್ಕು ಗುಂಡಿ ಮತ್ತು ಒಂದು ಎಳೆ ನೀರು ಮಾತ್ರ.

ಅಲ್ಲಿ ನಾವು ಹಿಡಿಯುತ್ತಿದ್ದುದು ದೊಡ್ಡ ಏರೋಪ್ಲೇನ್ ಚಿಟ್ಟೆಗಳನ್ನು. ಹಿಂದಿನಿಂದ ಕಳ್ಳಹೆಜ್ಜೆಯಲ್ಲಿ ಹೋಗಿ ಬಾಲ ಹಿಡಿಯುವುದು, ಬಾಲಕ್ಕೆ ದಾರ ಕಟ್ಟುವುದು, ಕಾಲಿಗೆ ಸಣ್ಣ ಕಲ್ಲು ಕೊಟ್ಟು ಎತ್ತಿಸುವುದು. ಈಗ ನೆನೆದರೆ ಬೇಜಾರಾಗುತ್ತದೆ, ಆಗ ಆಗುತ್ತಿರಲಿಲ್ಲ. ಸಣಕಲು ಜಾತಿಯವನ್ನು ನಾವು ಮುಟ್ಟುತ್ತಲೇ ಇರಲಿಲ್ಲ. ದಾರ ಕಟ್ಟಿದರೆ ಬಾಲವೇ ಮುರಿಯುತ್ತಿತ್ತು. ಆಟಕ್ಕೆ ಬರದ್ದು ಕಣ್ಣಿಗೂ ಬರಲಿಲ್ಲ ಅಂತ ಕಾಣುತ್ತದೆ. ದಾರಕ್ಕೆ ತಡೆಯುವಷ್ಟು ಗಟ್ಟಿಯಿಲ್ಲದ್ದರಿಂದ ಅವು ನಮ್ಮಿಂದ ಉಳಿದುಕೊಂಡವು. ಅಷ್ಟು ಮಟ್ಟಿಗೆ ಒಳ್ಳೆಯದೇ ಆಯಿತು ಬಿಡಿ.

ಹೆಸರೂ ಇರಲಿಲ್ಲ. ರೆಕ್ಕೆ ಚಾಚಿ ಕೂರುವುದೂ ಏರೋಪ್ಲೇನು, ರೆಕ್ಕೆ ಮಡಚಿ ಕೂರುವುದೂ ಏರೋಪ್ಲೇನು. ವಿಮಾನ ಬರುವ ಮುಂಚೆ ನಮ್ಮವರು ಇದನ್ನು ಏನೆಂದು ಕರೆಯುತ್ತಿದ್ದರು ಅಂತ ಊರಿನಲ್ಲಿ ನಾಲ್ಕಾರು ಹಿರಿಯರನ್ನು ಕೇಳಿದೆ. ಒಬ್ಬರು ತಲೆ ಕೆರೆದುಕೊಂಡರು. ಇನ್ನೊಬ್ಬರು "ಹುಳ ಅಂತಿದ್ವಿ" ಅಂದರು. ಪಕ್ಕದ ಕೇರಳದಲ್ಲಿ ನೋಡಿ, ಏರೋಪ್ಲೇನ್ ಚಿಟ್ಟೆಗೆ ಅವರು ತುಂಬಿ ಅನ್ನುತ್ತಾರೆ. ನಾವು ದುಂಬಿಗೆ ಇಟ್ಟುಕೊಂಡ ಶಬ್ದವನ್ನೇ ಅವರು ಇದಕ್ಕೆ ಇಟ್ಟುಕೊಂಡಿದ್ದಾರೆ. ಡ್ಯಾಮ್ಸೆಲ್‌ಫ್ಲೈ ಸೂಚಿತುಂಬಿ, ಅಂದರೆ ಸೂಜಿ. ನಮ್ಮ ಹಳ್ಳದ ಈ ಹಸಿರಿಗೆ ಅವರ ಹೆಸರು ಪೀಲಿತುಂಬಿ. ಪೀಲಿ ಅಂದರೆ ನವಿಲುಗರಿ, ನಮ್ಮ ಹಳಗನ್ನಡದಲ್ಲೂ ಅದೇ ಅರ್ಥ. ಹೊಟ್ಟೆಕಿಚ್ಚಾಯಿತು. ಹುಳ ಎರಡೂ ಕಡೆ ಒಂದೇ, ಹೆಸರು ಮಾತ್ರ ಅವರದ್ದು.

ಕಲಿಯಲು ಶುರು ಮಾಡಿದ ಮೇಲೆ ಗೊತ್ತಾದದ್ದು, ಈ ಹೆಸರಿಲ್ಲದ ಹಳ್ಳದಲ್ಲಿ ಒಂದೊಂದು ತಿರುವಿಗೂ ಒಬ್ಬೊಬ್ಬರು ಒಕ್ಕಲಿದ್ದಾರೆ ಅಂತ. ಕೆಳಗೆ, ಗದ್ದೆ ಅಂಚಿನ ನಿಂತ ನೀರಿನಲ್ಲಿ ಹುಲ್ಲೆಸಳಿಗೆ ಅಂಟಿಕೊಂಡಂತೆ ಗೋಲ್ಡನ್ ಡಾರ್ಟ್‌ಲೆಟ್‌ಗಳು, ಅರಿಸಿನ ಬಣ್ಣದ ಮಾರ್ಶ್ ಡಾರ್ಟ್‌ಗಳು. ಇವು ಬೆಂಗಳೂರಿನ ಕೆರೆ ಏರಿಯ ಮೇಲೂ ಸಿಗುತ್ತವೆ, ದೊಡ್ಡ ವಿಷಯವಲ್ಲ. ಪಂಪ್‌ಹೌಸ್ ದಾಟಿ, ನೀರು ಕಲ್ಲಿನ ಮೇಲೆ ಗಲಗಲ ಹರಿಯುವ, ಬಿಸಿಲು ಬೀಳುವ ಜಾಗಕ್ಕೆ ಬಂದರೆ ಸ್ಟ್ರೀಮ್ ಗ್ಲೋರಿ ಮತ್ತು ರಿವರ್ ಹೆಲಿಯೋಡರ್. ಹೆಲಿಯೋಡರ್ ಗಂಡು ಎರಡು ಸೆಂಟಿಮೀಟರಿನ ಆಸುಪಾಸಿನ ಕುಳ್ಳ. ಹಳದಿ-ಕಪ್ಪು ಪಟ್ಟೆ, ಹೊಟ್ಟೆಗಿಂತ ರೆಕ್ಕೆಯೇ ಉದ್ದ, ಮುಖ ಮೂಗಿನ ಹಾಗೆ ಮುಂದಕ್ಕೆ ಚಾಚಿದೆ. ಕೂತ ಭಂಗಿ ನೋಡಿದರೆ ಆ ಕಲ್ಲಿನ ಪಹಣಿ ಅವನ ಹೆಸರಲ್ಲೇ ಇದೆ ಅನ್ನಬೇಕು. ಅವನ ಹತ್ತಿರದ ನೆಂಟ ಸ್ಟ್ರೀಮ್ ರೂಬಿ. ಕಪ್ಪು ಮೈ, ಬೆನ್ನಿಗೆ ಕೆಂಪು, ರೆಕ್ಕೆಯಲ್ಲಿ ತಾಮ್ರದ ಕಿಡಿ. ನಮ್ಮ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದವನು.

ಇನ್ನೂ ಮೇಲೆ ಹೋಗಿ ತೋಟ ಮುಗಿದು ಕೇದಿಗೆ ಹಿಂಡಲು ಶುರುವಾದರೆ ಬಿಸಿಲು ಕಡಿಮೆ. ಅಲ್ಲಿ ಫಾರೆಸ್ಟ್ ಗ್ಲೋರಿಗಳು ಎಲೆಗಳ ಮೇಲೆ ಸಾಲಾಗಿ, ಜಗಲಿಯಲ್ಲಿ ಕೂತ ನೆಂಟರ ಹಾಗೆ ಕೂತಿರುತ್ತವೆ. ಒಂದು ಎದ್ದರೆ ಎಲ್ಲವೂ ಎದ್ದು, ಮತ್ತೆ ನಾಲ್ಕಡಿ ಆಚೆ ಕೂರುತ್ತವೆ. ಮಳೆ ಹಿಡಿಯುವ ಆಸುಪಾಸಿನಲ್ಲಿ ಜೋರು ನೀರಿನ ಹತ್ತಿರ ಮಲಬಾರ್ ಟೊರೆಂಟ್ ಡಾರ್ಟ್ ಬರುತ್ತದೆ. ಕೆಂಪು ಹೊಟ್ಟೆ, ಹಿಂದಿನ ರೆಕ್ಕೆಯ ತುದಿಗೆ ಮಸಿ. ಇದರ ವೈಜ್ಞಾನಿಕ ಹೆಸರಿನಲ್ಲಿರುವ ಫ್ರೇಸರ್ ಬ್ರಿಟಿಷ್ ಇಂಡಿಯಾದ ಮಿಲಿಟರಿ ವೈದ್ಯ. ಕೊಡಗಿನ ತೊರೆಗಳಲ್ಲಿ ಬಲೆ ಹಿಡಿದು ಅಲೆದವನು. 1933ರಿಂದ 1936ರೊಳಗೆ ಭಾರತದ ಈ ಹುಳಗಳ ಮೇಲೆ ಮೂರು ಸಂಪುಟ ಬರೆದ. ಆ ಕಾಲದಲ್ಲಿ ಜಿಗಣೆ, ಮಲೇರಿಯಾ ಎರಡನ್ನೂ ಸಹಿಸಿಕೊಂಡು ಇಷ್ಟು ಕೆಲಸ ಮಾಡಿದ್ದಾನೆ. ನಾನು ಉಂಬಳಕ್ಕೆ ಹೆದರಿ ಸಾಕ್ಸಿನೊಳಗೆ ಹೊಗೆಸೊಪ್ಪಿನ ಪುಡಿ ಹಾಕಿಕೊಂಡು ಒಂದು ಗಂಟೆಗೆ ವಾಪಸ್ ಬರುತ್ತೇನೆ.

ಹಳ್ಳದ ತುತ್ತತುದಿಗೆ, ಮಧ್ಯಾಹ್ನವೂ ಮುಸ್ಸಂಜೆಯ ಹಾಗಿರುವ ಒರತೆಯಲ್ಲಿ ರೀಡ್‌ಟೇಲ್‌ಗಳಿವೆ. ಅದನ್ನು ನೋಡುವುದೇ ಕಷ್ಟ. ಗಾಳಿಯಲ್ಲಿ ಒಂದು ನೀಲಿ ಚುಕ್ಕಿ ತೇಲುತ್ತದೆ, ಅದು ಕಣ್ಣು. ಅದರ ಹಿಂದೆ ಒಂದು ಗೆರೆ ಇರಬೇಕು ಅಂತ ನಾವೇ ಊಹಿಸಿಕೊಳ್ಳಬೇಕು. ಪಶ್ಚಿಮ ಘಟ್ಟದಲ್ಲಿ ಏರೋಪ್ಲೇನು, ಸೂಜಿ (ಡ್ಯಾಮ್ಸೆಲ್‌ಫ್ಲೈ) ಎರಡೂ ಸೇರಿ 200ಕ್ಕಿಂತ ಹೆಚ್ಚು ಜಾತಿಗಳಿವೆ. ನನ್ನ ಹಳ್ಳದಲ್ಲಿ ನಾನು ಗುರುತಿಸಿದ ಸೂಜಿಗಳು ಇಲ್ಲಿವರೆಗೆ 19. ಒಂದೂವರೆ ಕಿಲೋಮೀಟರ್ ಉದ್ದದ ಹಳ್ಳಕ್ಕೆ ಇದು ಸಾಕಷ್ಟಾಯಿತು ಅಲ್ವಾ?

ಕಪ್ಪಾಗಿ ಬರುವ ಹಸಿರು

ಈಗ ಆ ಫೋಟೋದ ವಿಷಯಕ್ಕೆ ಬರುತ್ತೇನೆ. ಗ್ರೂಪಿನಲ್ಲಿ ಎಲ್ಲರೂ ಹೊಗಳಿದ ಫೋಟೋ ನನ್ನ ಮಟ್ಟಿಗೆ ಸೋತ ಫೋಟೋ.

ಸ್ಟ್ರೀಮ್ ಗ್ಲೋರಿ ಗಂಡಿನ ಮುಂದಿನ ರೆಕ್ಕೆಗಳು ಬರೀ ಗಾಜು, ಅದರಲ್ಲಿ ವಿಶೇಷ ಇಲ್ಲ. ಹಿಂದಿನ ರೆಕ್ಕೆಗಳ ಮೇಲ್ಮೈಯಲ್ಲಿ ನನಗೆ ಬೇಕಾದ ಹಸಿರು ಇರುವುದು. ಆದರೆ ಇವು ಕೂರುವುದು ರೆಕ್ಕೆ ಮಡಚಿಕೊಂಡು. ಪುಸ್ತಕ ಮುಚ್ಚಿದ ಹಾಗೆ. ಮುಚ್ಚಿದರೆ ಹಸಿರು ಒಳಗೆ ಹೋಗಿ, ಕಂದು-ಕಪ್ಪಿನ ಕೆಳಮೈ ಮಾತ್ರ ಹೊರಗೆ ಕಾಣುತ್ತದೆ. ಹಾರುವಾಗ, ಇಲ್ಲವೇ ಕೂತಲ್ಲೇ ಒಮ್ಮೆ ಫಟ್ ಅಂತ ಬಿಚ್ಚಿ ಮುಚ್ಚುವಾಗ ಮಾತ್ರ ನಿಜವಾದ ಬಣ್ಣ. ಆ ಬಿಚ್ಚುವುದು ಎಷ್ಟು ಹೊತ್ತು ಅಂದರೆ, ನೀವು "ಅರೆ" ಅನ್ನುವುದರೊಳಗೆ ಮುಗಿದಿರುತ್ತದೆ. ನನ್ನ ಬೆರಳು ಶಟರ್ ಒತ್ತುವುದು ಆ "ಅರೆ" ಆದ ಮೇಲೆ.

ಮೂರು ವರ್ಷದಲ್ಲಿ ನಾನು ಈ ಒಂದು ಹುಳದ 4000ಕ್ಕೂ ಹೆಚ್ಚು ಫೋಟೋ ತೆಗೆದಿದ್ದೇನೆ. ಹಾರ್ಡ್ ಡಿಸ್ಕಿನಲ್ಲಿ ಅದಕ್ಕೆ ಬೇರೆ ಫೋಲ್ಡರ್ ಇದೆ. ಎಲ್ಲದರಲ್ಲೂ ಪುಸ್ತಕ ಮುಚ್ಚಿದೆ. ಹಾರುವಾಗ ತೆಗೆದವುಗಳಲ್ಲಿ ಹಳ್ಳ ಚೆನ್ನಾಗಿ ಬಂದಿದೆ.

ಫ್ಲ್ಯಾಶ್ ಹಾಕಿದರೆ ಆಗುತ್ತದೆ ಅಂದರು ಒಬ್ಬ ಗೆಳೆಯರು. ಹಾಕಿದೆ. ಒಂದು ಸಲ ಗಂಡು ರೆಕ್ಕೆ ಅರ್ಧ ಬಿಚ್ಚಿದ್ದಾಗಲೇ ಫ್ಲ್ಯಾಶ್ ಹೊಡೆಯಿತು, ಖುಷಿಯಿಂದ ಸ್ಕ್ರೀನ್ ನೋಡಿದರೆ ರೆಕ್ಕೆ ಮಸಿಯಂತೆ ಕಪ್ಪು. ಆಮೇಲೆ ಓದಿದಾಗ ಕಾರಣ ಗೊತ್ತಾಯಿತು. ಆ ಹಸಿರು ಬಳಿದ ಬಣ್ಣವಲ್ಲ. ಎಲೆಯ ಹಸಿರಿನ ಹಾಗೆ ಅದರೊಳಗೆ ಬಣ್ಣದ ಪದಾರ್ಥ ಇಲ್ಲ. ರೆಕ್ಕೆಯ ಪೊರೆಯಲ್ಲಿ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಬಿದ್ದ ಬೆಳಕಿನಲ್ಲಿ ಹಸಿರನ್ನು ಮಾತ್ರ ಒಟ್ಟುಗೂಡಿಸಿ ವಾಪಸ್ ಕಳಿಸುತ್ತವೆ. ನೀರಿನ ಮೇಲೆ ಬಿದ್ದ ಡೀಸೆಲ್ ಹನಿಯಲ್ಲಿ ಕಾಣುವ ಬಣ್ಣದ ಜಾತಿಯದೇ, ಆದರೆ ಬಹಳ ಶಿಸ್ತಿನದು. ಹಾಗಾಗಿ ಬೆಳಕು ಎಲ್ಲಿಂದ ಬರುತ್ತದೆ, ನಾವು ಎಲ್ಲಿ ನಿಂತಿದ್ದೇವೆ ಅನ್ನುವುದರ ಮೇಲೆ ಬಣ್ಣ ನಿಂತಿದೆ. ಓರೆಯಿಂದ ನೋಡಿದರೆ ನೀಲಿಗೆ ಜಾರುತ್ತದೆ. ಕೋನ ತಪ್ಪಿದರೆ ಕಪ್ಪು.

ಇದರಿಂದ ಇನ್ನೊಂದು ವಿಚಿತ್ರವೂ ಆಗುತ್ತದೆ. ಸೂಜಿಗಳು ಸತ್ತರೆ ಅವುಗಳ ಹಳದಿ, ಕೆಂಪು, ಕಣ್ಣಿನ ಬಣ್ಣ ಎಲ್ಲ ಬೇಗ ಮಾಸಿ ಕಂದಾಗುತ್ತವೆ. ಈ ಪದರದ ಹಸಿರು ಮಾತ್ರ ಹಾಗೇ ಉಳಿಯುತ್ತದೆ. ಸತ್ತ ಹುಳವನ್ನು ಪಿನ್ ಚುಚ್ಚಿ ರೆಕ್ಕೆ ಬಿಡಿಸಿ ಇಟ್ಟರೆ ನನಗೆ ಬೇಕಾದ ಬಣ್ಣ ಸಲೀಸಾಗಿ ಸಿಗುತ್ತದೆ. ಬದುಕಿರುವುದರಲ್ಲೇ ಸಿಗುವುದಿಲ್ಲ. ಹುಳವನ್ನು ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮಂಕು ಮಾಡಿ ಫೋಟೋ ತೆಗೆಯುವವರೂ ಇದ್ದಾರೆ. ಅಂಥ ಫೋಟೋ ನೋಡಿದರೆ ಈಗ ಗೊತ್ತಾಗಿಬಿಡುತ್ತದೆ. ಕಾಲುಗಳು ಕಡ್ಡಿಯನ್ನು ಹಿಡಿದಿರುವುದಿಲ್ಲ, ಕಡ್ಡಿಗೆ ಒರಗಿಸಿದ ಹಾಗಿರುತ್ತವೆ.

ಒಂದು ಕಡ್ಡಿಯ ವಿಷಯ

ಹಾಗಂತ ನಾನೇನೂ ಸಾಚಾ ಅಲ್ಲ. ಹೋದ ವರ್ಷ ನವೆಂಬರಿನಲ್ಲಿ ನಾನು ಮಾಡಿದ್ದನ್ನು ಹೇಳಬೇಕು.

ಗುಂಡಿಯ ಮೇಲ್ಗಡೆ ಒಂದು ಕಡೆ, ನೀರಿನ ನಡುವೆ ಸಿಕ್ಕಿಹಾಕಿಕೊಂಡ ಒಣ ಕೊಂಬೆಯೊಂದು ಮೊಳದಷ್ಟು ಮೇಲೆ ಚಾಚಿತ್ತು. ಅದರ ತುದಿಯಲ್ಲಿ ದಿನಾ ಒಂದು ಸ್ಟ್ರೀಮ್ ಗ್ಲೋರಿ ಗಂಡು. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಬಿಸಿಲು ಆ ಜಾಗಕ್ಕೆ ಬಿದ್ದರೆ ಸಾಕು, ಹಾಜರ್. ಬೇರೆ ಗಂಡು ಬಂದರೆ ಓಡಿಸಿ, ಮತ್ತೆ ಅದೇ ತುದಿಗೆ, ಅದೇ ದಿಕ್ಕಿಗೆ ಮುಖ ಮಾಡಿ ಕೂರುವುದು. ರಜೆಯ ಮೊದಲ ಮೂರು ದಿನವೂ ಅವನ ಎದುರು ಮೊಣಕಾಲುದ್ದ ನೀರಿನಲ್ಲಿ ಕೂತಿದ್ದೆ. ತೊಂದರೆ ಏನೆಂದರೆ, ಆ ಕೊಂಬೆಗೆ ಪಕ್ಕದಲ್ಲಿ ಇನ್ನೊಂದು ಸಣ್ಣ ಕವಲು ಇತ್ತು. ಅದು ಪ್ರತಿ ಫೋಟೋದಲ್ಲೂ ಅವನ ರೆಕ್ಕೆಯ ಹಿಂದೆ ಗೀಟು ಎಳೆದ ಹಾಗೆ ಬರುತ್ತಿತ್ತು. ಹಿನ್ನೆಲೆ ಸ್ವಚ್ಛ ಇರಬೇಕು ಅನ್ನುವುದು ನಮ್ಮ ಮ್ಯಾಕ್ರೋದವರ ಒಂದು ರೋಗ.

ಮೂರನೇ ದಿನ ಅವನು ಹಾರಿದಾಗ ಹೋಗಿ ಆ ಕವಲನ್ನು ಮುರಿದೆ. ಮುರಿಯುವಾಗ ಇಡೀ ಕೊಂಬೆ ಅಲುಗಿತು. ಕಲ್ಲಿನ ಸಂದಿಯಿಂದ ಬಿಟ್ಟುಕೊಂಡಿತು, ವಾಲಿತು, ನಾನು ಹಿಡಿಯುವುದರೊಳಗೆ ನೀರು ಅದನ್ನು ತೆಗೆದುಕೊಂಡು ಹೋಗಿ ಗುಂಡಿಗೆ ಹಾಕಿತು.

ಐದು ನಿಮಿಷಕ್ಕೆ ಅವನು ಬಂದ. ಕೊಂಬೆಯ ತುದಿ ಇದ್ದ ಜಾಗದಲ್ಲಿ, ಗಾಳಿಯಲ್ಲಿ, ಸರಿಯಾಗಿ ಅದೇ ಎತ್ತರದಲ್ಲಿ ನಿಂತ. ಕೂರಲು ನೋಡಿದ ಅಂತಲೇ ನನಗೆ ಅನಿಸಿತು. ಒಂದು ಸುತ್ತು ಹೋಗಿ ಮತ್ತೆ ಬಂದ, ಮತ್ತೆ ಅಲ್ಲೇ ನಿಂತ. ಮೂರು ಸಲ. ಅಷ್ಟು ಹೊತ್ತೂ ಆ ಹಸಿರು ರೆಕ್ಕೆಗಳು ನನ್ನೆದುರು ಬಿಚ್ಚಿಯೇ ಇದ್ದವು, ಮೂರು ವರ್ಷದಿಂದ ಕಾದದ್ದು ಅದಕ್ಕೇ. ನಾನು ಕ್ಯಾಮೆರಾ ಎತ್ತಲಿಲ್ಲ. ಒಳ್ಳೆಯ ಬುದ್ಧಿ ಬಂದು ಅಂತೇನಲ್ಲ. ಕೈಯಲ್ಲಿ ಆ ಮುರಿದ ಕವಲು ಇತ್ತು.

ಮಾರನೇ ದಿನ ಅವನು ಅಲ್ಲಿ ಇರಲಿಲ್ಲ. ಗಂಡಿಗೆ ಆ ಕೂರುವ ಜಾಗ ಅಂದರೆ ಸುಮ್ನೆ ಕೂರುವ ಜಾಗವಲ್ಲ. ಅದರ ಸುತ್ತಲಿನ ಹರಿಯುವ ನೀರು, ನೀರಿನಲ್ಲಿ ಮೊಟ್ಟೆ ಇಡಲು ಆಗುವ ಬೇರು-ಸೊಪ್ಪು, ಅಲ್ಲಿಗೆ ಬರುವ ಹೆಣ್ಣು, ಎಲ್ಲ ಆ ಒಂದು ಕಡ್ಡಿಯ ಲೆಕ್ಕದಲ್ಲಿ ಇರುತ್ತದೆ. ರೆಕ್ಕೆ ಬಂದ ಮೇಲೆ ಇವುಗಳ ಬಾಳು ಕೆಲವೇ ವಾರ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ನೀರಿನ ಅಡಿಯಲ್ಲಿ, ಬಾಲದ ತುದಿಗೆ ಮೂರು ಎಲೆಯಂಥ ಕಿವಿರು ಇಟ್ಟುಕೊಂಡು, ಸಣ್ಣಪುಟ್ಟ ಹುಳ ತಿಂದು ಬೆಳೆದಿರುತ್ತವೆ. ಅಷ್ಟೆಲ್ಲ ಆಗಿ ಸಿಕ್ಕಿದ್ದ ಒಂದು ಸೈಟು. ನಾನು ಅದನ್ನು ಹಿನ್ನೆಲೆ ಚೆನ್ನಾಗಿಲ್ಲ ಅಂತ ಕೆಡವಿದೆ.

ಅಡಿಕೆ ಸೋಗೆಯ ದಂಟನ್ನು ಕತ್ತರಿಸಿ ಅದೇ ಸಂದಿಗೆ ಸಿಕ್ಕಿಸಿ, ಕಲ್ಲು ಕೊಟ್ಟು ಬಿಗಿ ಮಾಡಿ ಬಂದೆ. ಹಿಂದಿನ ಎತ್ತರವೇ ಇರಲಿ ಅಂತ ಹಳೆಯ ಫೋಟೋ ನೋಡಿ ಅಳತೆ ಹಾಕಿದೆ. ಹೊರಡುವ ದಿನ ಬೆಳಗ್ಗೆ ಹೋಗಿ ನೋಡಿದರೆ ಅದರ ತುದಿಯಲ್ಲಿ ಒಬ್ಬ ಹೆಲಿಯೋಡರ್. ಹಳದಿ ಕುಳ್ಳ. ನನ್ನ ಕಡೆ ಆ ಮೂಗನ್ನು ತಿರುಗಿಸಿ, ಏನು ವಿಷಯ ಅನ್ನುವ ಹಾಗೆ ಕೂತಿದ್ದ.

(ಇವುಗಳ ಜಗಳದ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಗಂಡು-ಹೆಣ್ಣು ಕೂಡುವಾಗ ಇವುಗಳ ಮೈ ಬಾಗಿ ಹೃದಯದ ಆಕಾರ ಆಗುತ್ತದೆ. ಎಲ್ಲರೂ ಅದರ ಫೋಟೋ ಹಾಕಿ ಪ್ರೀತಿ ಪ್ರೇಮ ಅಂತ ಬರೆಯುತ್ತಾರೆ. 1979ರಲ್ಲಿ ಜೊನಾಥನ್ ವಾಗೆ ಎಂಬ ಅಮೆರಿಕದ ವಿಜ್ಞಾನಿ ನಮ್ಮ ಸ್ಟ್ರೀಮ್ ಗ್ಲೋರಿಯ ಕುಟುಂಬದ್ದೇ ಒಂದು ಜಾತಿಯಲ್ಲಿ ತೋರಿಸಿದ್ದೇನೆಂದರೆ, ಆ ಹೊತ್ತಿನಲ್ಲಿ ಗಂಡು ಮೊದಲು ಮಾಡುವ ಕೆಲಸ ಹಿಂದಿನ ಗಂಡಿನ ವೀರ್ಯವನ್ನು ಕೆರೆದು ತೆಗೆಯುವುದು. ಆಮೇಲೆ ತನ್ನದು. ಹೃದಯದ ಆಕಾರದ ಒಳಗೆ ನಡೆಯುತ್ತಿರುವುದು ಜಾಗದ ತಕರಾರೇ.)

ದೊಡ್ಡಮ್ಮ ನೋಡಿದ್ದು

ಅಮೆಜಾನಿನ ಮಾತು ಬಂದ ಸಂಜೆ, ಗ್ರೂಪಿನಲ್ಲಿ ಇಲ್ಲದ ದೊಡ್ಡಮ್ಮನಿಗೆ ಅದೇ ಫೋಟೋವನ್ನು ನನ್ನ ಫೋನಿನಲ್ಲಿ ತೋರಿಸಿದೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಹಬ್ಬಕ್ಕೆ ತಂದ ಹೂ ಕಟ್ಟುತ್ತಿದ್ದರು. ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು ನೋಡಿದರು.

"ಇದಾ? ಇದು ನಮ್ಮ ಒಗೆಯೋ ಕಲ್ಲಿನ ಹತ್ರ ಇರ್ತಿತ್ತಲ್ಲ," ಅಂದರು. "ಆದ್ರೆ ನಿಂದು ಸರಿ ಬಂದಿಲ್ಲ ಮಾರಾಯ. ಕಪ್ಪಗೆ ಬಂದಿದೆ."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಹೇಗಿರ್ತಿತ್ತು ಅಂತ ಕೇಳಿದೆ. ಹೂ ಕಟ್ಟುತ್ತಲೇ ಹೇಳಿದರು. ಒಂದೇ ಇದ್ದರೆ ಸುಮ್ಮನೆ ಕೂತಿರುತ್ತದೆ, ಅದರಲ್ಲಿ ಏನೂ ಇಲ್ಲ. ಎರಡು ಬಂದರೆ ನೋಡಬೇಕು. ಸೋಪಿನ ನೊರೆ ಕೆಳಗೆ ಹೋಗುತ್ತಿರುತ್ತದಲ್ಲ, ಅದರ ಮೇಲೆ ಒಂದನ್ನೊಂದು ಓಡಿಸಿಕೊಂಡು ಹೋಗುತ್ತವೆ, ಮತ್ತೆ ಬರುತ್ತವೆ, ಕೂತು ರೆಕ್ಕೆ ಬಿಚ್ಚಿ ಮುಚ್ಚಿ ಮಾಡುತ್ತವೆ. "ಆಗ ಅದಕ್ಕೆ ಬಣ್ಣ ಬರೋದು. ಥೇಟ್ ನವಿಲಿನ ಹಾಗೆ." ಇನ್ನೊಂದು ಇದೆ, ಅದರ ರೆಕ್ಕೆ ಹಿತ್ತಾಳೆ ಬಣ್ಣ, ಬಿಳಿ ಚುಕ್ಕಿ ಇರುತ್ತದೆ, ಅದು ನೀರಿನ ಹತ್ತಿರ ಸೊಪ್ಪಿನ ಮೇಲೆ ಕೂರುತ್ತದೆ ಅಂದರು. ಅದು ಇದೇ ಜಾತಿಯ ಹೆಣ್ಣು. ನನಗೆ ಅದನ್ನು ಗುರುತಿಸಲು ಎರಡು ವರ್ಷ ಮತ್ತು ಒಂದು ಪುಸ್ತಕ ಬೇಕಾಗಿತ್ತು.

"ಹೇಳಲೇ ಇಲ್ಲವಲ್ಲ ದೊಡ್ಡಮ್ಮ ನೀವು, ಯಾವತ್ತೂ?"

"ಹೇಳೋದೆಂಥದ್ದು? ಹುಳ."

ಮೂವತ್ತೈದು ವರ್ಷ, ವಾರಕ್ಕೆ ಮೂರು ದಿನವಾದರೂ, ಬೆಳಗ್ಗೆ ತಿಂಡಿ ಆದ ಮೇಲೆ ಒಂದೂವರೆ ಗಂಟೆ. ಒಟ್ಟು ಕುಟುಂಬದ ಬಟ್ಟೆ. ಅದರಲ್ಲಿ ನನ್ನ ಚಡ್ಡಿಯೂ ಇತ್ತು. ಆ ಹೊತ್ತಿನಲ್ಲಿ ನಾವು ಇಪ್ಪತ್ತು ಹೆಜ್ಜೆ ಕೆಳಗೆ ಗುಂಡಿಯಲ್ಲಿ ಕುಣಿಯುತ್ತಿದ್ದೆವು, ಹುಳವೆಲ್ಲ ಎದ್ದು ಹೋಗುವಷ್ಟು ಗಲಾಟೆ. ಮೇಲೆ ದೊಡ್ಡಮ್ಮ ಒಂದೇ ಕಡೆ ಕೂತು, ಒಂದೇ ಲಯದಲ್ಲಿ ಕೈ ಆಡಿಸುತ್ತಿದ್ದರು. ಅವರನ್ನು ಆ ಹುಳಗಳು ಕಲ್ಲಿನ ಲೆಕ್ಕಕ್ಕೆ ಸೇರಿಸಿಕೊಂಡಿದ್ದವೋ ಏನೋ. ನಾನು ನೀರಿನಲ್ಲಿ ಒಂದು ಹೆಜ್ಜೆ ಇಟ್ಟರೆ ಹಾರುವವು, ಅವರು ರಗ್ಗು ಎತ್ತಿ ಬಂಡೆಗೆ ಬಡಿದರೂ ಕೂತಿರುತ್ತಿದ್ದವಂತೆ. ನಂಬಬೇಕೋ ಬೇಡವೋ ಗೊತ್ತಿಲ್ಲ, ಅವರಿಗೆ ಸುಳ್ಳು ಹೇಳುವ ಅಗತ್ಯವೂ ಇಲ್ಲ.

"ಮಷಿನ್ ಬಂದ ಮೇಲೆ ನಾನು ಆ ಕಡೆ ಹೋಗಿಲ್ಲ ನೋಡು," ಅಂದರು. ವಾಷಿಂಗ್ ಮಷಿನ್ ಬಂದು ಆರು ವರ್ಷ ಆಯಿತು. ಮಂಡಿನೋವಿಗೆ ಅದು ದೇವರು ಬಂದ ಹಾಗೆ ಬಂತು. ಹಳ್ಳಕ್ಕೂ ಒಳ್ಳೆಯದೇ ಆಯಿತು, ಅಷ್ಟು ಸೋಪು ಕಡಿಮೆ. ಹಾಗೆ ನೋಡಿದರೆ ಸೋಪಿಗಿಂತ ಜಾಸ್ತಿ ನನಗೆ ಹೆದರಿಕೆ ಮಳೆಗಾಲದ ಮದ್ದಿನದು. ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ಹೊಡೆಯದೆ ನಮ್ಮಲ್ಲಿ ಅಡಿಕೆ ಉಳಿಯುವುದಿಲ್ಲ, ಅದು ಸರಿ. ಆದರೆ ಸಂಜೆ ಡ್ರಮ್ಮು, ಪೈಪು ತೊಳೆಯುವುದು ಇದೇ ಹಳ್ಳದಲ್ಲಿ. ತಾಮ್ರ ನೀರಿನ ಸಣ್ಣ ಜೀವಗಳಿಗೆ ವಿಷ. ಈ ಸಲ ಡ್ರಮ್ಮನ್ನು ತೋಟದ ಮೇಲಿನ ದಂಡೆಯಲ್ಲೇ ತೊಳೆಯೋಣ ಅಂತ ಅಣ್ಣನಿಗೆ ಹೇಳಿದೆ. "ನೀರು ಯಾರು ಹೊರ್ತಾರೆ, ನೀನಾ?" ಅಂದ. ನಾನು ಜುಲೈನಲ್ಲಿ ಊರಲ್ಲಿ ಇರುವುದಿಲ್ಲ. ಮಾತು ಅಲ್ಲಿಗೇ ನಿಂತಿತು.

ಕಂಬಳಿ ನೆನೆಸಿದ ದಿನ

ಫೆಬ್ರವರಿಯಲ್ಲಿ ಮತ್ತೆ ಹೋದೆ. ಬೆಳಗ್ಗೆ ಕ್ಯಾಮೆರಾ ಬ್ಯಾಗ್ ಹಾಕಿಕೊಂಡು ಹೊರಟವನನ್ನು ದೊಡ್ಡಮ್ಮ ತಡೆದರು. "ಹೆಂಗೂ ಹಳ್ಳಕ್ಕೆ ಹೋಗ್ತೀಯಲ್ಲ, ಈ ಕಂಬಳಿ ಎರಡನ್ನೂ ಒಗೆದುಕೊಂಡು ಬಾ. ಮಷಿನ್ನಿಗೆ ಹಾಕಿದ್ರೆ ಮಷಿನ್ ಹೋಗ್ತದೆ. ಹೋಗ್ತಾ ಮೋಟಾರ್ ಹಾಕಿ ಹೋಗು, ಹತ್ತೂವರೆಗೆ ಆಫ್ ಮಾಡು." ಎರಡು ಕಂಬಳಿ, ಒಂದು ಬಕೆಟ್, ಅರ್ಧ ಬಾರ್ ಸೋಪು. ಟ್ರೈಪಾಡ್ ಹಿಡಿಯಲು ಕೈ ಉಳಿಯಲಿಲ್ಲ, ಮನೆಯಲ್ಲೇ ಬಿಟ್ಟೆ.

ಒಗೆಯೋ ಕಲ್ಲು ಹಾಗೇ ಇದೆ, ಪಾಚಿ ಹಿಡಿದಿದೆ. ಕಂಬಳಿ ಒದ್ದೆಯಾದರೆ ಕರುವಿನಷ್ಟು ಭಾರ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಸೋಪು ಹಚ್ಚಿ, ತುಳಿದು, ಒಂದು ಕಂಬಳಿಯನ್ನು ಹಿಂಡುವುದರೊಳಗೆ ಸುಸ್ತಾಗಿ ಕೂತೆ. ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ, ಅಭ್ಯಾಸ. ಇನ್ನೊಂದು ಕಂಬಳಿ ನೀರಿನಲ್ಲಿ ನೆನೆಯುತ್ತಿತ್ತು, ನೊರೆ ನಿಧಾನಕ್ಕೆ ಕೆಳಗೆ ಹೋಗುತ್ತಿತ್ತು.

ಮೊದಲನೆಯದು ಬಂದು ಬಕೆಟ್ಟಿನ ಹಿಡಿಯ ಮೇಲೆ ಕೂತಿತು. ನನ್ನಿಂದ ಎರಡು ಮೊಳ ದೂರ. ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ಎರಡನೆಯದು ಕೆಳಗಿನಿಂದ ಬಂತು. ಮೊದಲನೆಯದು ಎದ್ದಿತು. ನೊರೆಯ ಮೇಲೆ ಗೇಣೆತ್ತರದಲ್ಲಿ ಎರಡೂ ಎದುರುಬದುರು ನಿಂತವು, ಒಂದು ಹಿಂದೆ ಸರಿಯಿತು, ಇನ್ನೊಂದು ಮುಂದೆ ಹೋಯಿತು, ಮತ್ತೆ ಅದಲುಬದಲು. ಆಮೇಲೆ ಬಕೆಟ್ಟಿನವನು ವಾಪಸ್ ಬಂದು ಕೂತು ಬಿಚ್ಚಿದ. ಮುಚ್ಚಿದ. ಬಿಚ್ಚಿದ. ನಾನು ತೊಡೆಯ ಮೇಲಿನಿಂದಲೇ, ಕಣ್ಣು ಹಚ್ಚದೆ, ಒತ್ತುತ್ತಲೇ ಹೋದೆ. ಸೋಪಿನ ಕೈ ಜಾರುತ್ತಿತ್ತು.

ಹದಿನಾಲ್ಕು ಫೋಟೋ. ಹನ್ನೊಂದರಲ್ಲಿ ಬಕೆಟ್ ಮಾತ್ರ ಸ್ಪಷ್ಟ. ಎರಡರಲ್ಲಿ ರೆಕ್ಕೆ ಮುಚ್ಚಿದೆ. ಒಂದರಲ್ಲಿ ಪೂರ್ತಿ ಬಿಚ್ಚಿದೆ. ಸ್ವಲ್ಪ ಅಲುಗಿದೆ, ತಲೆ ಫೋಕಸ್ಸಿನಲ್ಲಿ ಇಲ್ಲ, ಹಿನ್ನೆಲೆಯಲ್ಲಿ ನೀಲಿ ಪ್ಲಾಸ್ಟಿಕ್ ಬಕೆಟ್. ಯಾವ ಸ್ಪರ್ಧೆಗೂ ಕಳಿಸುವಂಥದ್ದಲ್ಲ.

ಕಂಬಳಿ ಹೊತ್ತುಕೊಂಡು ಓಡಿ ಬಂದು ದೊಡ್ಡಮ್ಮನಿಗೆ ಕ್ಯಾಮೆರಾದಲ್ಲೇ ತೋರಿಸಿದೆ. ಕನ್ನಡಕ ಹುಡುಕಿ ತಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಹ್ಞಾ. ಈಗ ಒಂಚೂರು ಬಂತು," ಅಂದರು. "ಇಷ್ಟು ನೀಲಿ ಇರಲ್ಲ ಅದು."

ನಾನು ಕೋನದ ವಿಷಯ, ಪದರದ ವಿಷಯ ಹೇಳಲು ಶುರು ಮಾಡಿದೆ. ಅವರು ಕಂಬಳಿಯ ಮೂಲೆಯನ್ನು ಹಿಂಡಿ, ಸೋಪು ಪೂರ್ತಿ ಹೋಗಿಲ್ಲ ಅಂತ ಮುಖ ಮಾಡಿದರು. ಆಮೇಲೆ ಗಡಿಯಾರ ನೋಡಿ ಕೇಳಿದರು.

"ಮೋಟಾರ್ ಆಫ್ ಮಾಡಿ ಬಂದ್ಯಾ?"